ಉಜ್ಜಿ ಅಳಿಸಿದ ಜಲಜನಕ

ಜಲಜನಕ ಹೊಕ್ಕಾಗ ಉಕ್ಕಿನ ಒಳರಚನೆಯಲ್ಲಿ ಆಗುವ ಬದಲಾವಣೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಹೊರಟ ನನ್ನನ್ನು ಆರು ವಾರ ಸತಾಯಿಸಿದ 304 ಸ್ಟೇನ್‌ಲೆಸ್ ಸ್ಟೀಲ್ ಕೊನೆಗೂ ಬಾಯಿಬಿಟ್ಟಿದೆ. ತುಣುಕನ್ನು ಕ್ಯಾಥೋಡ್ (ಋಣ ವಿದ್ಯುದ್ವಾರ) ಮಾಡಿ, ಜಲಜನಕ ಲೋಹದೊಳಕ್ಕೆ ಹೋಗಲು ನೆರವಾಗುವ ಥಯೋಯೂರಿಯಾ ಬೆರೆಸಿದ ಗಂಧಕಾಮ್ಲದಲ್ಲಿ 24 ಗಂಟೆ ಜಲಜನಕ ತುಂಬಿಸುವ ಕ್ರಮ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅದನ್ನು ಬಿಟ್ಟು, ಆಮೇಲೆ ಏನೂ ಕಾಣದೆ ಹೋದದ್ದೇಕೆ ಎಂಬುದನ್ನಷ್ಟೇ ಬರೆಯುತ್ತೇನೆ.

ಜಲಜನಕ ತುಂಬಿಸಿ, ಎಮರಿ ಕಾಗದದಲ್ಲಿ ಉಜ್ಜಿ, ಡೈಮಂಡ್ ಪೇಸ್ಟಿನಿಂದ ಹೊಳಪು ಕೊಟ್ಟು, ಒಳರಚನೆ ಎದ್ದು ಕಾಣುವಂತೆ ಆಕ್ಸಾಲಿಕ್ ಆಮ್ಲದಲ್ಲಿ ಎಚ್ ಮಾಡಿದ (ಮೇಲ್ಮೈ ತುಸು ಕೊರೆಸಿದ) ಐದು ತುಣುಕುಗಳಲ್ಲೂ ಕಂಡದ್ದು ಈ ಉಕ್ಕಿನ ಮೂಲ ರಚನೆಯಾದ ಅದೇ ಆಸ್ಟೆನೈಟ್ ಕಣಗಳು, ಅವುಗಳೊಳಗೆ ಕನ್ನಡಿಯ ಪ್ರತಿಬಿಂಬದಂತಿರುವ ಅದೇ ನೇರ ಅಂಚಿನ ಟ್ವಿನ್‌ಗಳು. ಮೊದಲ ದಿನವೇ ಹಾಕಬೇಕಿದ್ದ ಲೆಕ್ಕವನ್ನು ಆರನೆಯ ತುಣುಕಿಗೆ ಮುನ್ನ ಹಾಕಿದೆ. ಕೋಣೆಯ ಉಷ್ಣತೆಯಲ್ಲಿ ಆಸ್ಟೆನೈಟಿನೊಳಗೆ ಜಲಜನಕದ ವಿಸರಣಾಂಕ (ಹರಡುವ ವೇಗದ ಅಳತೆ) ಸೆಕೆಂಡಿಗೆ ಸುಮಾರು 10⁻¹⁶ ಚದರ ಮೀಟರ್. ಅಂದರೆ ಒಂದು ದಿನದಲ್ಲಿ ಅದು ಇಳಿಯುವ ಆಳ ಹೆಚ್ಚುಕಡಿಮೆ 3 ಮೈಕ್ರಾನ್. ನನ್ನ ಎಮರಿ ಕಾಗದ ಹತ್ತಾರು ಮೈಕ್ರಾನ್ ತಿಂದುಹಾಕುತ್ತಿತ್ತು. ನೋಡಬೇಕಾದುದನ್ನೆಲ್ಲ ಪ್ರತಿ ಸಲವೂ ನಾನೇ ಶ್ರದ್ಧೆಯಿಂದ ತೊಳೆದು ಚೆಲ್ಲಿದ್ದೆ.

ಮೊದಲು ಹೊಳಪು, ಆಮೇಲೆ ಜಲಜನಕ ಎಂದು ಕ್ರಮ ತಿರುಗಿಸಿದಾಗ ಗೆರೆಗಳೇನೋ ಧಾರಾಳವಾಗಿ ಕಂಡವು. ಆದರೆ ಜಲಜನಕವನ್ನೇ ಕಾಣದ ಹೋಲಿಕೆಯ ತುಣುಕಿನಲ್ಲೂ ಅಂಥವೇ ಗೆರೆಗಳಿದ್ದವು. 304ರ ಆಸ್ಟೆನೈಟ್ ಅಷ್ಟೇನೂ ಸ್ಥಿರವಲ್ಲ. ಗರಗಸದ ಮತ್ತು ಎಮರಿಯ ಒತ್ತಡಕ್ಕೇ ಅದು ಮಾರ್ಟೆನ್ಸೈಟ್ ಎಂಬ ಬೇರೆ ರಚನೆಗೆ ತಿರುಗಬಲ್ಲದು; ಆಸ್ಟೆನೈಟ್ ಆಯಸ್ಕಾಂತ ಹಿಡಿಯದು, ಹೀಗೆ ಹುಟ್ಟಿದ ಮಾರ್ಟೆನ್ಸೈಟ್ ಹಿಡಿಯುತ್ತದೆ. ಇದಕ್ಕೆ ಮಾರಾಟಗಾರರ ಕೊಡುಗೆಯೂ ಸೇರಿತ್ತು: ಪೂರ್ಣ ಅನೀಲ್ ಆದದ್ದು, ಅಂದರೆ ಕಾಯಿಸಿ ಒಳ ಒತ್ತಡ ಕಳೆದದ್ದು ಎಂದು ಕೊಟ್ಟ ತಗಡಿಗೆ ಕಟ್ಟು ಬಿಚ್ಚುವಾಗಲೇ ಆಯಸ್ಕಾಂತ ಅಂಟಿಕೊಂಡಿತು, ಕೇಳಿದರೆ ನಿಮ್ಮ ಆಯಸ್ಕಾಂತವೇ ಬಲು ಜೋರಿನದು ಎಂಬ ಉತ್ತರ ಬಂತು. ಮುಂದೆ 2205 ಡ್ಯುಪ್ಲೆಕ್ಸ್ ಉಕ್ಕಿಗೆ ಕೈಹಾಕುವ ಮನಸ್ಸಿದೆ. ಅರ್ಧದಷ್ಟು ಫೆರೈಟ್ ಎಂಬ ರಚನೆ, ಉಳಿದದ್ದು ಆಸ್ಟೆನೈಟ್ ಇರುವ ಅದರಲ್ಲಿ ಜಲಜನಕ ಫೆರೈಟಿನಲ್ಲಿ ಓಡುತ್ತದೆ, ಪಕ್ಕದ ಆಸ್ಟೆನೈಟಿನಲ್ಲಿ ತೆವಳುತ್ತದೆ. ಆಯಸ್ಕಾಂತ ಹಿಡಿಯುವುದು ಅದರ ಗುಣವೇ ಆದ್ದರಿಂದ ಜಗಳವೂ ಇಲ್ಲ.

ತಗಡು ಬದಲಿಸಿ, ಉಜ್ಜಿ ಕೆಟ್ಟ ಪದರವನ್ನು, ವಿದ್ಯುತ್ತಿನಿಂದ ಮೇಲ್ಮೈ ಕರಗಿಸುವ ಎಲೆಕ್ಟ್ರೋಪಾಲಿಶಿಂಗ್‌ನಿಂದ ತೆಗೆದ ಮೇಲೆ ಹೋಲಿಕೆಯ ತುಣುಕು ಶುಭ್ರವಾಯಿತು. ಜಲಜನಕ ತುಂಬಿದ ತುಣುಕಿನಲ್ಲಿ ಮಾತ್ರ ಸಣ್ಣ ಸಮಾನಾಂತರ ಪಟ್ಟಿಗಳು ಕಣದ ಗಡಿಯವರೆಗೆ ಓಡಿ ನಿಂತು, ಪಕ್ಕದ ಕಣದಲ್ಲಿ ಬೇರೆ ದಿಕ್ಕು ಹಿಡಿದಿದ್ದವು. ಜಲಜನಕ ತುಂಬಿ ಹಿಗ್ಗಲು ನೋಡುವ ಹೊರಪದರವನ್ನು ಕೆಳಗಿನ ಲೋಹ ಹಿಡಿದಿಟ್ಟಾಗ ಹುಟ್ಟುವ ಒತ್ತಡದಿಂದಲೇ, ಹೊರಗಿನ ಭಾರವಿಲ್ಲದೆ, ಮಾರ್ಟೆನ್ಸೈಟಿನ ಇನ್ನೊಂದು ಬಗೆಯಾದ ಎಪ್ಸಿಲಾನ್ ಮಾರ್ಟೆನ್ಸೈಟ್ ಮೂಡಬಲ್ಲದು. ನಾನು ಕಂಡ ಪಟ್ಟಿಗಳು ಅದೇ ಎಂದು, ಹರಳಿನ ರಚನೆ ತಿಳಿಸುವ ಎಕ್ಸ್-ಕಿರಣ ವಿವರ್ತನೆಯಿಲ್ಲದೆ ಆಣೆಯಿಟ್ಟು ಹೇಳಲಾರೆ. ಸಂಜೆ ಆಮ್ಲದಿಂದ ತೆಗೆದಾಗ ಬಿರುಕು ಒಂದೂ ಇರಲಿಲ್ಲ. ರಾತ್ರಿಯೆಲ್ಲ ಜಲಜನಕ ಹೊರಬಿದ್ದು, ಕುಗ್ಗುವ ಹೊರಪದರವೇ ಎಳೆತಕ್ಕೆ ಸಿಕ್ಕಿ, ಬೆಳಿಗ್ಗೆ ನೋಡುವಾಗ ಒಂದು ಪಟ್ಟಿಯ ಅಂಚಿನುದ್ದಕ್ಕೂ ಕೂದಲೆಳೆಯಂಥ ಕಪ್ಪು ಬಿರುಕು ಬಿಟ್ಟಿತ್ತು.