ಐದು ಕೋಟಿ ವರ್ಷ ಹಿಂದಿನ ಸಮುದ್ರ

ಕೆಲವು ವಾರಗಳಿಂದ ದಿನಾ ಬೆಳಗ್ಗೆ ಮೊದಲು ನೋಡುವುದು ಒಂದು ಗೆರೆಯನ್ನು. ಸುಮಾರು 5 ಕೋಟಿ ವರ್ಷ ಹಿಂದೆ, ಇಯೋಸೀನ್ ಕಾಲದಲ್ಲಿ, ಸಮುದ್ರದ ಆಳದ ನೀರು ಎಷ್ಟು ಬೆಚ್ಚಗಿತ್ತು ಅಂತ ಕಂಪ್ಯೂಟರ್ ಮಾದರಿ ಎಳೆಯುತ್ತಿರುವ ಗೆರೆ ಅದು. ಮೇಲ್ಪದರ ಬೇಗ ಹದಕ್ಕೆ ಬರುತ್ತದೆ. ಆಳ ಹಾಗಲ್ಲ. ಮಾದರಿಯೊಳಗೆ ಎರಡು ಸಾವಿರ ವರ್ಷ ಕಳೆದರೂ ಗೆರೆ ಇನ್ನೂ ಚೂರು ಚೂರೇ ಮೇಲೇರುತ್ತಿದೆ. ಅವಸರ ಮಾಡಿ ಈಗಲೇ ನಿಲ್ಲಿಸಿದರೆ ಸಿಗುವ ಉತ್ತರ ಸಮುದ್ರದ್ದಲ್ಲ, ಶುರುವಿನಲ್ಲಿ ನಾವೇ ಕೊಟ್ಟ ಅಂಕಿಗಳದ್ದು.

ಆ ಕಾಲದ ನಕ್ಷೆಯೇ ಬೇರೆ ಅಲ್ವಾ? ಧ್ರುವಗಳಲ್ಲಿ ದೊಡ್ಡ ಹಿಮದ ಹಾಸು ಇಲ್ಲ. ಪನಾಮಾದ ಹತ್ತಿರ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ನಡುವೆ ದಾರಿ ತೆರೆದೇ ಇದೆ. ಆದರೆ ಅಂಟಾರ್ಕ್ಟಿಕಾ ಸುತ್ತ ನೀರು ಇವತ್ತಿನ ಹಾಗೆ ಸಲೀಸಾಗಿ ಸುತ್ತು ಹಾಕಲು ಆಗಲ್ಲ. ಇಂಥ ಇಕ್ಕಟ್ಟಿನ ಕಡೆ ಮಾದರಿಯ ಚೌಕ ಚೌಕದ ನಕ್ಷೆಯಲ್ಲಿ ನಾಲ್ಕು ಚೌಕ ನೆಲದಿಂದ ನೀರಾದರೆ ಸಾಕು, ಪ್ರವಾಹಗಳ ದಾರಿ ಬದಲಾಗಬಹುದು. ಒಂದೊಂದು ಚೌಕ ಮುಟ್ಟುವಾಗಲೂ ಕೈ ತಡೆಯುತ್ತದೆ.

ಇದಕ್ಕೆಲ್ಲ ಸಾಕ್ಷಿ ಫೊರಾಮಿನಿಫೆರಾ. ಮರಳಿನ ಕಾಳಿನಷ್ಟು ಚಿಕ್ಕ ಸುಣ್ಣದ ಚಿಪ್ಪಿರುವ ಏಕಕೋಶ ಜೀವಿ. ಅದು ಚಿಪ್ಪು ಕಟ್ಟಿಕೊಂಡಾಗ ನೀರು ಎಷ್ಟು ಬೆಚ್ಚಗಿತ್ತು ಎಂಬುದರ ಗುರುತು ಆ ಚಿಪ್ಪಿನ ಆಮ್ಲಜನಕದಲ್ಲೇ ಉಳಿದಿರುತ್ತದೆ. ಆ ಲೆಕ್ಕದಲ್ಲಿ ಆಳದ ನೀರು ಇವತ್ತಿಗಿಂತ ಸುಮಾರು 10 ಡಿಗ್ರಿ ಜಾಸ್ತಿ ಬೆಚ್ಚಗಿತ್ತು. ಬೆಳಕೇ ಕಾಣದ ತಳದಲ್ಲಿ ಸುಮ್ನೆ ಬದುಕಿ ಹೋದ ಜೀವಿ, ಇಷ್ಟು ನಿಖರವಾಗಿ ಬರೆದಿಟ್ಟಿದೆ. ನೆನೆದಾಗೆಲ್ಲ ಮನಸ್ಸು ತುಂಬಿ ಬರುತ್ತದೆ.

ನಮ್ಮ ಗೆರೆ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ ನೋಡುತ್ತೇನೆ.