ಮುಕ್ತಿನಾಥಕ್ಕೆ ಹಿರಿಯರನ್ನು ಕರೆದೊಯ್ಯುವ ಮುನ್ನ

ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ನೇಪಾಳದ ಗಂಡಕೀ ನದಿಯಿಂದ ಬಂದವೆಂದು ಕೇಳುತ್ತಲೇ ಬೆಳೆದ ನನ್ನ ಸೋದರತ್ತೆಗೆ, ಆ ನದಿಯನ್ನು ಕಣ್ಣಾರೆ ಕಂಡು ಅಲ್ಲಿನ ಮುಕ್ತಿನಾಥನ ದರ್ಶನ ಪಡೆಯಬೇಕೆಂಬ ಆಸೆ ಅರವತ್ತೆಂಟನೆಯ ವಯಸ್ಸಿನಲ್ಲಿ ಕೈಗೂಡಿತು. ಆದರೆ ನಮ್ಮನ್ನು ಕರೆದೊಯ್ದ ಪ್ರವಾಸ ಸಂಸ್ಥೆಯವರು ಬೆಳಗ್ಗೆ ಪೋಖರಾದಿಂದ ವಿಮಾನದಲ್ಲಿ ಜೋಮ್‌ಸೋಮ್‌ಗೂ ಅಲ್ಲಿಂದ ಜೀಪಿನಲ್ಲಿ ನೇರವಾಗಿ ಮುಕ್ತಿನಾಥಕ್ಕೂ ಒಯ್ದು, ಆ ರಾತ್ರಿ ದೇವಸ್ಥಾನದ ಬುಡದಲ್ಲಿರುವ ರಾನಿಪೌವಾದಲ್ಲಿಯೇ ನಮ್ಮನ್ನು ತಂಗಿಸಿದರು. ನಡುರಾತ್ರಿ ಅತ್ತೆಗೆ ತಡೆಯಲಾರದ ತಲೆನೋವು ಮತ್ತು ವಾಂತಿ ಶುರುವಾದವು. ಬೆಳಕು ಹರಿಯುವುದನ್ನು ಕಾಯದೆ ಜೀಪು ಹುಡುಕಿ ಮಾರ್ಫಾ ಗ್ರಾಮಕ್ಕೆ ಇಳಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಅವರು ಚೇತರಿಸಿಕೊಂಡರು. ಬೇರೆ ಯಾರ ಮನೆಯ ಹಿರಿಯರಿಗೂ ಅಂಥ ರಾತ್ರಿ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಪೋಖರಾ ಇರುವುದು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಮುಕ್ತಿನಾಥವಾದರೋ 3,700 ಮೀಟರಿಗೂ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಅಲ್ಲಿ ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರು ಹೇಳುವ ನಿಯಮ. ನಾವು ಒಂದೇ ದಿನದಲ್ಲಿ ಏರಿದ್ದು ಸುಮಾರು ಮೂರು ಸಾವಿರ ಮೀಟರ್.

ಆದ್ದರಿಂದ ಹೋಗುವಾಗ ರಸ್ತೆಯ ದಾರಿಯನ್ನೇ ಹಿಡಿಯಿರಿ. ಮೊದಲ ರಾತ್ರಿ ಸುಮಾರು 1,200 ಮೀಟರ್ ಎತ್ತರದ, ಬಿಸಿನೀರಿನ ಬುಗ್ಗೆಗಳಿರುವ ತಾತೋಪಾನಿಯಲ್ಲಿ ಕಳೆಯಿರಿ. ಮುಂದಿನ ಎರಡು ರಾತ್ರಿಗಳನ್ನು ಮಾರ್ಫಾ, ಜೋಮ್‌ಸೋಮ್ ಅಥವಾ ಕಾಗ್ಬೇನಿಯಲ್ಲಿ ಇಟ್ಟುಕೊಳ್ಳಿ. ಈ ಮೂರೂ 2,800 ಮೀಟರಿನ ಆಸುಪಾಸಿನಲ್ಲಿವೆ. ಪಿತೃಗಳಿಗೆ ಪಿಂಡಪ್ರದಾನ ಮಾಡುವವರಿಗೆ ಕಾಳಿಗಂಡಕಿಯ ದಡದ ಕಾಗ್ಬೇನಿಯೇ ಕ್ಷೇತ್ರವಾದ್ದರಿಂದ ಅಲ್ಲಿ ಉಳಿದ ದಿನ ವ್ಯರ್ಥವೂ ಆಗದು. ಅನಂತರ ಬೆಳಗ್ಗೆ ಬೇಗ ಮುಕ್ತಿನಾಥಕ್ಕೆ ಏರಿ, ದರ್ಶನ ಮುಗಿಸಿ, ಮಧ್ಯಾಹ್ನವೇ ಇಳಿದುಬಿಡಿ. ಮೇಲೆ ಮಲಗುವುದು ಬೇಡ. ಜೀಪು ಇಳಿದಲ್ಲಿಂದ ದೇವಸ್ಥಾನದವರೆಗಿನ ಏರುದಾರಿಯನ್ನು ನಿಧಾನವಾಗಿ ನಡೆಯಲಿ. ಆಗದಿದ್ದರೆ ಕುದುರೆ ಸಿಗುತ್ತದೆ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಎತ್ತರ ಒಗ್ಗದಿರುವುದರ ಮೊದಲ ಲಕ್ಷಣಗಳು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡೆಯುವಾಗ ಹೆಜ್ಜೆ ತಪ್ಪಿದರೆ, ಮಾತು ಗೊಂದಲವಾದರೆ ಆ ಕ್ಷಣವೇ ಕೆಳಗಿಳಿಸಬೇಕು. ನಿದ್ರೆಮಾತ್ರೆ ಕೊಡಲೇಬಾರದು. ಎತ್ತರಕ್ಕೆ ದೇಹ ಹೊಂದಿಕೊಳ್ಳಲು ನೆರವಾಗುವ ಡೈಮಾಕ್ಸ್ ಮಾತ್ರೆಯನ್ನು ಊರಿನಲ್ಲಿಯೇ ನಿಮ್ಮ ವೈದ್ಯರನ್ನು ಕೇಳಿ ಒಯ್ಯಿರಿ. ಸಲ್ಫಾ ಔಷಧಿಗಳು ಒಗ್ಗದವರು ಅದನ್ನು ಅವರಿಗೆ ಮರೆಯದೆ ತಿಳಿಸಬೇಕು.

ಮಡಿಯ ವಿಷಯವನ್ನು ಗೌರವದಿಂದಲೇ ಹೇಳುತ್ತೇನೆ. ದೇವಸ್ಥಾನದ ಹಿಂದಿನ 108 ಧಾರೆಗಳ ನೀರು ಹಿಮ ಕರಗಿದಂತೆ ಕೊರೆಯುತ್ತದೆ, ಜೊತೆಗೆ ಗಾಳಿಯೂ ಇರುತ್ತದೆ. ಹೃದ್ರೋಗ ಅಥವಾ ರಕ್ತದೊತ್ತಡ ಇರುವವರು ತಲೆಯ ಮೇಲೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಸ್ನಾನ ಮಾಡುವವರು ಒದ್ದೆ ಬಟ್ಟೆಯಲ್ಲಿ ನಿಲ್ಲದೆ ಕೂಡಲೇ ಒಣಬಟ್ಟೆಗೆ ಬದಲಾಗಬೇಕು. ಏಕಾದಶಿಯ ನಿರ್ಜಲ ಉಪವಾಸ ಈ ಪ್ರಯಾಣದ ನಡುವೆ ಬಾರದಂತೆ ಪಂಚಾಂಗ ನೋಡಿ ದಿನ ಗೊತ್ತುಮಾಡಿ, ಏಕೆಂದರೆ ಆ ಒಣಹವೆಯಲ್ಲಿ ನೀರು ಕುಡಿಯದಿರುವುದು ಅಪಾಯಕರ.

ಊಟಕ್ಕೆ ಎಲ್ಲೆಡೆ ದಾಲ್‌ಭಾತ್ ಸಿಗುತ್ತದೆ, ಅನ್ನ ತಿನ್ನುವ ನಮಗೆ ಅದು ಹಿತವಾಗಿಯೇ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಒಂದನ್ನು ಗಮನಿಸಬೇಕು: ಅಲ್ಲಿನ ಥಕಾಲಿ ಸಮುದಾಯದವರ ಮನೆಗಳಲ್ಲಿ ಬೇಳೆಗೆ ಒಗ್ಗರಿಸುವ ಜಿಂಬು ಎಂಬ ಒಣಸೊಪ್ಪು ಈರುಳ್ಳಿಯ ಜಾತಿಯದೇ. ಬೇಡವೆಂದು ಮೊದಲೇ ಹೇಳಿದರೆ ಬೇಸರಿಸದೆ ಬಿಟ್ಟು ಮಾಡಿಕೊಡುತ್ತಾರೆ.

ಭಾರತೀಯರಿಗೆ ನೇಪಾಳದ ವೀಸಾ ಬೇಡ; ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಕಾರ್ಡನ್ನು 65 ಮೀರಿದವರಿಗೂ 15ರೊಳಗಿನ ಮಕ್ಕಳಿಗೂ ಮಾತ್ರ ಒಪ್ಪುತ್ತಾರೆ. ಜೋಮ್‌ಸೋಮ್ ದಾರಿಗೆ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಬೇಕು, ಅದಕ್ಕೆ ಭಾವಚಿತ್ರಗಳನ್ನು ಒಯ್ದಿರಿ. ನಮ್ಮ ನೂರು ರೂಪಾಯಿಗೆ ಅವರ 160 ರೂಪಾಯಿ ಎಂಬುದು ಸ್ಥಿರ ದರ. ಪೋಖರಾದಲ್ಲಿಯೇ ಸಾಕಷ್ಟು ನೇಪಾಳಿ ನಗದು ಮಾಡಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯ ನಡುವಿನ ಬೇನಿ ಎಂಬ ಊರಿನಿಂದ ಮೇಲಿನ ರಸ್ತೆಯಲ್ಲಿ ಗುಡ್ಡ ಕುಸಿಯುವ ಭಯವಿರುವುದರಿಂದ ಅಕ್ಟೋಬರ್, ನವೆಂಬರ್ ಅಥವಾ ಮಾರ್ಚ್‌ನಿಂದ ಮೇ ತಿಂಗಳುಗಳೇ ಒಳ್ಳೆಯವು. ಕೆಳಗೆ ಬರಲು ವಿಮಾನವನ್ನು ಬಳಸಬಹುದು. ಆದರೆ ಕಾಳಿಗಂಡಕಿಯ ಕಣಿವೆಯಲ್ಲಿ ಹೊತ್ತೇರಿದಂತೆ ಗಾಳಿ ಬಿರುಸಾಗುವುದರಿಂದ ವಿಮಾನಗಳು ಬೆಳಗ್ಗೆ ಮಾತ್ರ ಹಾರುತ್ತವೆ. ಮೋಡ ಕವಿದರೆ ಅದೂ ಇಲ್ಲ. ಪೋಖರಾದಿಂದ ಮುಂದಿನ ಪ್ರಯಾಣದ ಟಿಕೆಟನ್ನು ಅದೇ ದಿನಕ್ಕೆ ಮಾಡಿಸದೆ, ನಡುವೆ ಒಂದು ದಿನವನ್ನಾದರೂ ಖಾಲಿ ಬಿಡಿ.