ಹೊಟ್ಟೆಪಾಡೋ, ಮೈಬಣ್ಣವೋ: ಅಮೆರಿಕದ ಕಾರ್ಮಿಕರ ಮತ ಓದುವ ಬಗೆ

2016ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಗೆದ್ದಾಗಿನಿಂದ ಒಂದೇ ವಾದ ನಡೆದಿದೆ. ಬಿಳಿಯ ಕಾರ್ಮಿಕರು ಅವರಿಗೆ ಮತ ಹಾಕಿದ್ದು ಹೊಟ್ಟೆಪಾಡಿಗೋ, ಜನಾಂಗದ ಅಸಮಾಧಾನಕ್ಕೋ? ವಾದಕ್ಕೆ ಇಳಿಯುವವರು ಮೊದಲು ಎಡವುವುದು ‘ಕಾರ್ಮಿಕ’ ಎಂಬ ಪದದಲ್ಲೇ.

ಅಮೆರಿಕದ ಮತಗಟ್ಟೆ ಸಮೀಕ್ಷೆಗಳನ್ನು ಓದುವಾಗ ನಾಲ್ಕು ವರ್ಷದ ಪದವಿ ಇಲ್ಲದವರನ್ನೆಲ್ಲ ಕಾರ್ಮಿಕರೆಂದು ಎಣಿಸುವುದು ರೂಢಿ. ಹತ್ತು ಆಳುಗಳನ್ನಿಟ್ಟುಕೊಂಡು ಚೆನ್ನಾಗಿ ಸಂಪಾದಿಸುವ ಪ್ಲಂಬಿಂಗ್ ಗುತ್ತಿಗೆದಾರ ಆ ಲೆಕ್ಕಕ್ಕೆ ಸೇರುತ್ತಾನೆ. ಪದವಿ ಪಡೆದೂ ಗಂಟೆಗೂಲಿಗೆ ದುಡಿಯುವವಳು ಸೇರುವುದಿಲ್ಲ. ಹಾಗಾಗಿ ಶಿಕ್ಷಣದ ಸಾಲಿನ ಜೊತೆಗೆ ಆದಾಯದ ಸಾಲನ್ನೂ ನೋಡಲೇಬೇಕು. 2016ರ ಸಮೀಕ್ಷೆಯಲ್ಲಿ ವರ್ಷಕ್ಕೆ 30,000 ಡಾಲರ್‌ಗಿಂತ ಕಡಿಮೆ ಆದಾಯದವರಲ್ಲಿ ಮುಂದಿದ್ದವರು ಟ್ರಂಪ್ ಎದುರಾಳಿ, ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್. ಪದವಿಯಿಲ್ಲದ ಬಿಳಿಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಟ್ರಂಪ್ ಕಡೆ ಹೋಯಿತು. ಪದವಿಯಿಲ್ಲದ ಬಿಳಿಯೇತರರಲ್ಲಿ ನಾಲ್ವರಲ್ಲಿ ಮೂವರು ಕ್ಲಿಂಟನ್ ಕಡೆ.

ಇಷ್ಟು ನೋಡಿ ‘ಎಲ್ಲಾ ಮೈಬಣ್ಣದ್ದೇ’ ಎಂದು ಕೈತೊಳೆದುಕೊಳ್ಳುವುದೂ ತಪ್ಪು. ಕಷ್ಟ ನಿಜವಾದದ್ದು. 2000ದಲ್ಲಿ ಅಲ್ಲಿ ಸುಮಾರು 1.7 ಕೋಟಿ ಕಾರ್ಖಾನೆ ಕೆಲಸಗಳಿದ್ದವು. 2010ರ ಹೊತ್ತಿಗೆ ಉಳಿದದ್ದು ಸುಮಾರು 1.15 ಕೋಟಿ. ಆದರೆ ಒಂದೇ ಗೇಟಿಗೆ ಬೀಗ ಬಿದ್ದರೂ ಒಳಗಿದ್ದವರೆಲ್ಲ ಕಳೆದುಕೊಂಡದ್ದು ಒಂದೇ ಅಲ್ಲ.

ಓಹಿಯೊದ ಯಂಗ್ಸ್‌ಟೌನ್ ನೋಡಿ. ಉಕ್ಕಿನ ಕಾರ್ಖಾನೆಗಳಲ್ಲಿ ಕಪ್ಪು ಕಾರ್ಮಿಕರನ್ನು ಬಹುಕಾಲ ಕಲ್ಲಿದ್ದಲನ್ನು ಕಾಯಿಸುವ ಕೋಕ್ ಕುಲುಮೆಯಂಥ ಬಿಸಿ, ಹೊಗೆಯ ವಿಭಾಗಗಳಿಗೇ ತಳ್ಳುತ್ತಿದ್ದರು. ಸೀನಿಯಾರಿಟಿ (ಸೇವೆಯ ಹಿರಿತನ) ಎಣಿಸುತ್ತಿದ್ದದ್ದು ಆಯಾ ವಿಭಾಗದೊಳಗೆ ಮಾತ್ರ. ಒಳ್ಳೆಯ ವಿಭಾಗಕ್ಕೆ ಹೋಗಬೇಕೆಂದರೆ ಇಪ್ಪತ್ತು ವರ್ಷದ ಸೇವೆ ಬಿಟ್ಟು ಹೊಸಬನಾಗಿ ಶುರುಮಾಡಬೇಕು. ಲೇಆಫ್ ಬಂದರೆ ಮೊದಲು ಹೊರಬೀಳುವವನೂ ಆ ಹೊಸಬನೇ. 1974ರಲ್ಲಿ ಒಂಬತ್ತು ಉಕ್ಕಿನ ಕಂಪನಿಗಳು, ಯೂನಿಯನ್ ಮತ್ತು ಸರ್ಕಾರ ನ್ಯಾಯಾಲಯದಲ್ಲಿ ಒಪ್ಪಂದಕ್ಕೆ ಬಂದವು. ಇಡೀ ಕಾರ್ಖಾನೆಯ ಸೇವೆ ಲೆಕ್ಕಕ್ಕೆ ಬಂತು. ಮೂರೇ ವರ್ಷ. 1977ರ ಸೆಪ್ಟೆಂಬರ್ 19ರಂದು ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ತನ್ನ ಕ್ಯಾಂಬೆಲ್ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಸುಮಾರು 5,000 ಜನರ ಕೆಲಸ ಹೋಯಿತು. ಬಿಳಿಯ ಕೆಲಸಗಾರನಿಗೆ ಅಪ್ಪನ ಕಾಲದಿಂದ ಬಂದ ಸ್ಥಾನ ಹೋಯಿತು, ಕಪ್ಪು ಕೆಲಸಗಾರನಿಗೆ ಆಗತಾನೇ ತೆರೆದ ಬಾಗಿಲು ಮುಚ್ಚಿತು. ‘ಹಳೆಯ ದಿನ ಮರಳಿ ತರುತ್ತೇನೆ’ ಎಂಬ ಭಾಷಣ ಇಬ್ಬರ ಕಿವಿಗೂ ಒಂದೇ ರೀತಿ ಬೀಳುವುದಾದರೂ ಹೇಗೆ?

ಚೀನಾದ ಆಮದಿನಿಂದ ಪೆಟ್ಟು ತಿಂದ ಕ್ಷೇತ್ರಗಳನ್ನು ಅರ್ಥಶಾಸ್ತ್ರಜ್ಞರು ಅಳೆದಾಗಲೂ ಇದೇ ಕಂಡಿತು: ಬಿಳಿಯರು ಹೆಚ್ಚಿರುವ ಕ್ಷೇತ್ರಗಳು ಬಲಕ್ಕೆ (ರಿಪಬ್ಲಿಕನ್ನರ ಕಡೆ), ಅಲ್ಪಸಂಖ್ಯಾತರು ಹೆಚ್ಚಿರುವವು ಎಡಕ್ಕೆ (ಡೆಮಾಕ್ರಟರ ಕಡೆ) ವಾಲಿದವು.

ಮತ ಹಾಕದವರನ್ನು ಮರೆಯುವುದು ಇನ್ನೊಂದು ದೊಡ್ಡ ತಪ್ಪು. ಅಮೆರಿಕದ ಜನಗಣತಿ ಇಲಾಖೆಯ ಲೆಕ್ಕದಂತೆ ಕಪ್ಪು ಜನರ ಮತದಾನ 2012ರಲ್ಲಿ ಶೇ. 66.6 ಇದ್ದದ್ದು 2016ರಲ್ಲಿ ಶೇ. 59.6ಕ್ಕೆ ಇಳಿಯಿತು. ಮಿಷಿಗನ್‌ನಲ್ಲಿ ಆ ವರ್ಷ ಟ್ರಂಪ್ ಗೆಲುವಿನ ಅಂತರ ಬರೀ 10,704 ಮತ.

ಹಾಗೆಂದು ಬಣ್ಣ ನೋಡಿ ಮತ ಹೇಳಿಬಿಡಲೂ ಆಗದು. ಟೆಕ್ಸಾಸ್‌ನ ಗಡಿಯಲ್ಲಿರುವ ಸ್ಟಾರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಹೆಚ್ಚುಕಡಿಮೆ ಎಲ್ಲರೂ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷಿಕ ಮೂಲದವರು, ಬಡತನವೂ ಹೆಚ್ಚು. 1892ರ ನಂತರ ಅಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗೆದ್ದಿರಲಿಲ್ಲ. 2024ರಲ್ಲಿ ಟ್ರಂಪ್ ಗೆದ್ದರು.